ಹಳೆಯ ಕಂಪ್ಯೂಟರ್‌ನಲ್ಲಿ ಶಾರ್ಟ್ ಎಲ್ಲಿದೆ? ಕರೆಂಟ್ ಕೊಡದೆ ಹುಡುಕುವ ಕ್ರಮ

ಸ್ವಿಚ್ ಒತ್ತಿದರೆ ಫ್ಯಾನ್ ಅರ್ಧ ಸುತ್ತು ತಿರುಗಿ ನಿಲ್ಲುತ್ತದೆ. ಇಲ್ಲವೇ ಮನೆಯ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಬೀಳುವ ಸ್ವಿಚ್) ಬೀಳುತ್ತದೆ. ಆಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಇನ್ನೊಂದು ಸಲ ಆನ್ ಮಾಡಿ ನೋಡುತ್ತಾರೆ. ಅದಕ್ಕೂ ಆಗದಿದ್ದರೆ ಬೇರೆ ಎಸ್‌ಎಂಪಿಎಸ್ (ಯಂತ್ರದೊಳಗಿನ ಪವರ್ ಸಪ್ಲೈ ಪೆಟ್ಟಿಗೆ) ತಂದು ಹಾಕಿ ನೋಡುತ್ತಾರೆ. ಒಂದೇ ಒಂದು ಮಾಸ್ಫೆಟ್ (ಸ್ವಿಚ್‌ನಂತೆ ಕೆಲಸ ಮಾಡುವ ಸಣ್ಣ ಬಿಡಿಭಾಗ) ಹೋಗಿದ್ದ ಬೋರ್ಡು ಮೂರನೆಯದೋ ನಾಲ್ಕನೆಯದೋ ಪ್ರಯತ್ನಕ್ಕೆ ಪ್ರೊಸೆಸರ್ ಸಮೇತ ಹೋಗುವುದು ಹೀಗೆಯೇ. ಶಾರ್ಟ್ ಹುಡುಕುವ ಕೆಲಸದ ಮುಕ್ಕಾಲು ಪಾಲು ಕರೆಂಟ್ ಇಲ್ಲದೆ, ಮಲ್ಟಿಮೀಟರ್‌ನಿಂದಲೇ ಮುಗಿಯುತ್ತದೆ. ಕೆಳಗಿನ ಹಂತಗಳನ್ನು ಇರುವ ಕ್ರಮದಲ್ಲೇ ಮಾಡಿ. ಒಂದನ್ನು ಹಾರಿಸಿದರೆ ಮುಂದಿನ ಹಂತದ ಅಳತೆ ದಾರಿ ತಪ್ಪಿಸುತ್ತದೆ.

ಇದು ಡೆಸ್ಕ್‌ಟಾಪ್ ಯಂತ್ರಗಳಿಗೆ ಮಾತ್ರ. ಹಳೆಯ ದಪ್ಪ ಗಾಜಿನ ಮಾನಿಟರ್‌ಗೆ ಈ ಕ್ರಮ ಬಳಸಬೇಡಿ. ಅದರ ಪಿಕ್ಚರ್ ಟ್ಯೂಬಿನ ಮೇಲೆ 20,000 ವೋಲ್ಟಿಗೂ ಹೆಚ್ಚು ಇರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರುತ್ತದೆ.

## ಬೇಕಾಗುವ ಸಾಮಾನು

- ಡಿಜಿಟಲ್ ಮಲ್ಟಿಮೀಟರ್. 200 ಓಮ್ ಮತ್ತು 200 ಮಿಲಿವೋಲ್ಟ್ ರೇಂಜ್, ಡಯೋಡ್ ಗುರುತು ಇರಲೇಬೇಕು. 230 ವೋಲ್ಟ್ ಕಡೆ ಅಳೆಯಲು ಕ್ಯಾಟ್ 2 ಅಥವಾ ಕ್ಯಾಟ್ 3 (ಸುರಕ್ಷತೆಯ ದರ್ಜೆ), 600 ವೋಲ್ಟ್ ಎಂದು ಬರೆದಿರುವ ಮೀಟರೇ ಬೇಕು.
- ಸೀರೀಸ್ ಬೋರ್ಡ್, ಅಂದರೆ ಸಾಕೆಟ್‌ಗೆ ಹೋಗುವ ಕರೆಂಟ್ ಬಲ್ಬಿನ ಮೂಲಕವೇ ಹಾಯುವಂತೆ ಜೋಡಿಸಿದ ಬೋರ್ಡ್: ಒಂದು ಹೋಲ್ಡರ್, ಒಂದು ಮೂರು ಪಿನ್ ಸಾಕೆಟ್, 60 ಅಥವಾ 100 ವ್ಯಾಟಿನ ಹಳೆಯ ಫಿಲಮೆಂಟ್ ಬಲ್ಬ್. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬಾರದು.
- 10 ಕಿಲೊ ಓಮ್, 10 ವ್ಯಾಟಿನ ವೈರ್‌ವೌಂಡ್ ರೆಸಿಸ್ಟರ್, ಎರಡೂ ತುದಿಗೆ ಇನ್ಸುಲೇಟೆಡ್ ಕ್ಲಿಪ್.
- ಲೋಡ್ ಕೊಡಲು ಬೈಕಿನ 12 ವೋಲ್ಟ್ 21 ವ್ಯಾಟಿನ ಬ್ರೇಕ್ ಬಲ್ಬ್ ಒಂದು, 10 ಓಮ್ 10 ವ್ಯಾಟ್ ರೆಸಿಸ್ಟರ್ ಒಂದು.
- ಕರೆಂಟ್ ಮಿತಿ ಇಡಬಹುದಾದ ಬೆಂಚ್ ಸಪ್ಲೈ. ಇಲ್ಲದಿದ್ದರೆ ಎಕ್ಸ್‌ಎಲ್ 4015 ಮಾಡ್ಯೂಲ್, ವೋಲ್ಟೇಜಿಗೊಂದು ಕರೆಂಟಿಗೊಂದು ತಿರುಪು ಇರುವುದು.
- ಬಣ್ಣದ ಬ್ರಷ್, ಟಾರ್ಚ್, ಐಸೋಪ್ರೊಪೈಲ್ ಆಲ್ಕೊಹಾಲ್, ಒಣ ರಟ್ಟು.

ಪೆಟ್ರೋಲ್, ಥಿನ್ನರ್ ಹಾಕಿ ಬೋರ್ಡ್ ತೊಳೆಯುವ ರೂಢಿ ಕೆಲವು ಕಡೆ ಇದೆ. ಸ್ಲಾಟ್‌ಗಳ ಪ್ಲಾಸ್ಟಿಕ್ ಕರಗುತ್ತದೆ, ಬೆಂಕಿಯ ಅಪಾಯ ಬೇರೆ. ಮಾಡಬೇಡಿ.

## ಹಂತ 1: ಏನು ಬಿತ್ತು ಎಂದು ಮೊದಲು ತಿಳಿಯಿರಿ

ಎಂಸಿಬಿ ಬಿದ್ದರೆ ಹೆಚ್ಚಾಗಿ ಫೇಸ್ ಮತ್ತು ನ್ಯೂಟ್ರಲ್ ನಡುವೆ ನೇರ ಶಾರ್ಟ್. ಆಗ ತಪ್ಪು ಬಹುತೇಕ ಎಸ್‌ಎಂಪಿಎಸ್‌ನ 230 ವೋಲ್ಟ್ ಕಡೆಯೇ ಇರುತ್ತದೆ; ಮದರ್‌ಬೋರ್ಡ್ ಶಾರ್ಟ್ ಆದರೆ ಎಂಸಿಬಿ ಬೀಳುವುದಿಲ್ಲ. ಆರ್‌ಸಿಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್) ಮಾತ್ರ ಬಿದ್ದರೆ ಕರೆಂಟ್ ಅರ್ಥ್ ಕಡೆ ಸೋರುತ್ತಿದೆ. ಮನೆಗೆ ಹಾಕುವ ಆರ್‌ಸಿಸಿಬಿಗೆ ಸಾಮಾನ್ಯವಾಗಿ 30 ಮಿಲಿಆಂಪ್ ಸೋರಿದರೆ ಸಾಕು.

ಯಾವುದೂ ಬೀಳದೆ ಫ್ಯಾನ್ ಒಮ್ಮೆ ಅಲುಗಿ ನಿಂತರೆ, ಅಥವಾ ಎಸ್‌ಎಂಪಿಎಸ್ ಒಳಗೆ ಟಿಕ್ ಟಿಕ್ ಎಂದರೆ, ಶಾರ್ಟ್ ಡಿಸಿ ಕಡೆ, ಅಂದರೆ ಎಸ್‌ಎಂಪಿಎಸ್ ಹೊರಗೆ ಕೊಡುವ ಕಡಿಮೆ ವೋಲ್ಟಿನ ಕಡೆ ಇದೆ: ಬೋರ್ಡ್, ಡ್ರೈವ್, ಕಾರ್ಡ್, ಯುಎಸ್‌ಬಿ, ಇಲ್ಲವೇ ಎಸ್‌ಎಂಪಿಎಸ್‌ನ ಔಟ್‌ಪುಟ್ ಡಯೋಡ್. ಎಸ್‌ಎಂಪಿಎಸ್ ತನ್ನನ್ನು ತಾನು ಕಾಪಾಡಿಕೊಂಡು ಬಂದ್ ಆಗಿರುತ್ತದೆ.

ಇನ್ನೊಂದು ದೂರು ಶಾರ್ಟ್ ಅಲ್ಲವೇ ಅಲ್ಲ. ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಎನ್ನುತ್ತದೆ, ಟೆಸ್ಟರ್ ಹಚ್ಚಿದರೆ ಮಂದವಾಗಿ ಉರಿಯುತ್ತದೆ, ಆದರೆ ಯಂತ್ರ ಸರಿಯಾಗಿ ನಡೆಯುತ್ತದೆ. ಎಸ್‌ಎಂಪಿಎಸ್ ಒಳಗೆ ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಸಣ್ಣ ಕೆಪಾಸಿಟರ್ ಕ್ಯಾಬಿನೆಟ್‌ಗೆ ಸೇರಿರುತ್ತವೆ. ಅರ್ಥಿಂಗ್ ಇಲ್ಲದಿದ್ದರೆ ಕ್ಯಾಬಿನೆಟ್ ಮೇಲೆ 230ರ ಅರ್ಧ, ಅಂದರೆ ಸುಮಾರು 115 ವೋಲ್ಟ್ ತೋರುತ್ತದೆ. ದಾವಣಗೆರೆ, ಚಿತ್ರದುರ್ಗದ ಹಳೇಪೇಟೆಯ ಮನೆಗಳಲ್ಲಿ ಮೂರು ಪಿನ್ ಸಾಕೆಟ್ ಇದ್ದರೂ ಮೇಲಿನ ತೂತಿಗೆ ವೈರೇ ಇಲ್ಲದಿರುವುದು ಅಪರೂಪವಲ್ಲ. ಸಾಕೆಟ್‌ನಲ್ಲಿ ಅಳೆಯಿರಿ: ಫೇಸ್ ಮತ್ತು ಅರ್ಥ್ ನಡುವೆ 230ರ ಆಸುಪಾಸು, ನ್ಯೂಟ್ರಲ್ ಮತ್ತು ಅರ್ಥ್ ನಡುವೆ 5 ವೋಲ್ಟಿಗಿಂತ ಕಡಿಮೆ ಬರಬೇಕು. ಬಾರದಿದ್ದರೆ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಅರ್ಥಿಂಗ್ ಸರಿಮಾಡಿಸಿ. ಇದಕ್ಕೆ ಬೋರ್ಡ್ ಬದಲಿಸಿದವರೂ ಇದ್ದಾರೆ. ದುಡ್ಡು ದಂಡ.

## ಹಂತ 2: ಬಿಚ್ಚುವ ಮೊದಲು

ಯುಪಿಎಸ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಬೇಕು. ಕಿತ್ತ ಮೇಲೆ ಕ್ಯಾಬಿನೆಟ್‌ನ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಡಿಸಿ ಕಡೆಯ ಚಾರ್ಜ್ ಖಾಲಿಯಾಗುತ್ತದೆ. ಎಸ್‌ಎಂಪಿಎಸ್ ಒಳಗಿನ ದೊಡ್ಡ ಕೆಪಾಸಿಟರ್‌ಗಳ ಮೇಲಿನ 325 ವೋಲ್ಟ್ ಇದರಿಂದ ಹೋಗುತ್ತದೆ ಎಂದು ನಂಬಬೇಡಿ.

1990ರ ದಶಕದ ಎಟಿ ಎಂಬ ಹಳೆಯ ಮಾದರಿಯ ಕ್ಯಾಬಿನೆಟ್‌ಗಳಲ್ಲಿ ಮುಂದಿನ ಪವರ್ ಸ್ವಿಚ್‌ಗೇ ನೇರ 230 ವೋಲ್ಟ್ ಬರುತ್ತದೆ. ಒತ್ತಿದರೆ ಒಳಗೇ ಕಚ್ಚಿಕೊಳ್ಳುವ ಸ್ವಿಚ್, ಅದಕ್ಕೆ ನಾಲ್ಕು ದಪ್ಪ ವೈರ್ ಇದ್ದರೆ ಅದು ಎಟಿ. ಆ ವೈರ್‌ಗಳ ಮೇಲಿನ ಟೇಪ್ ಒಣಗಿ ಬಿಚ್ಚಿಕೊಂಡು ಕ್ಯಾಬಿನೆಟ್‌ಗೆ ತಾಗುವುದು ಈ ಯಂತ್ರಗಳ ಮಾಮೂಲಿ ಶಾರ್ಟ್. ಮತ್ತೆ ಜೋಡಿಸುವಾಗ 6 ಪಿನ್‌ನ ಎರಡು ಪ್ಲಗ್‌ಗಳ ಕಪ್ಪು ವೈರ್‌ಗಳು ನಡುವೆ ಅಕ್ಕಪಕ್ಕ ಬರಬೇಕು. ತಿರುಗುಮುರುಗಾದರೆ ಬೋರ್ಡ್ ಸುಟ್ಟುಹೋಗುತ್ತದೆ.

## ಹಂತ 3: ಟಾರ್ಚ್ ಹಿಡಿದು ನೋಡುವುದು

ಇಲ್ಲಿ ಅವಸರ ಮಾಡಬೇಡಿ. ಕಾಲು ಗಂಟೆ ಕೊಡಿ.

ಮೆಕ್ಕೆಜೋಳದ ಧೂಳು, ಹತ್ತಿಯ ಎಳೆ, ಮಂಡಕ್ಕಿ ಭಟ್ಟಿಯ ಮಸಿ, ಇವೆಲ್ಲ ಬೇಸಿಗೆಯಲ್ಲಿ ಬೋರ್ಡ್ ಮೇಲೆ ಸುಮ್ಮನೆ ಕೂತಿರುತ್ತವೆ. ಜೂನ್‌ನಲ್ಲಿ ಮಳೆ ಹಿಡಿದು ಗಾಳಿಯಲ್ಲಿ ತೇವ ಬಂದಾಗ ಅದೇ ಧೂಳು ತೇವ ಹೀರಿ ಕರೆಂಟ್ ಹಾಯಿಸತೊಡಗುತ್ತದೆ. ಬೇಸಿಗೆಯುದ್ದಕ್ಕೂ ನಡೆದ ಯಂತ್ರ ಮೊದಲ ಮಳೆಯ ವಾರದಲ್ಲಿ ಆರ್‌ಸಿಸಿಬಿ ಬೀಳಿಸಿದರೆ ಮೊದಲು ಧೂಳನ್ನೇ ಶಂಕಿಸಿ. ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಗಾಳಿಗೆ ತಿರುಗಿದ ಫ್ಯಾನ್ ತಾನೇ ವೋಲ್ಟೇಜ್ ಹುಟ್ಟಿಸುತ್ತದೆ.

ಎಸ್‌ಎಂಪಿಎಸ್‌ನ ಗಾಳಿಕಂಡಿಯೊಳಗೆ ಬೆಳಕು ಬಿಟ್ಟು ನೋಡಿ. ಬೆಚ್ಚಗಿರುವ ಜಾಗಕ್ಕೆ ಹಲ್ಲಿ ಸೇರುತ್ತದೆ. ಸತ್ತ ಹಲ್ಲಿ ಎರಡು ಹೀಟ್‌ಸಿಂಕ್‌ಗಳ ನಡುವೆ ಅಡ್ಡ ಬಿದ್ದಿದ್ದರೆ ಶಾರ್ಟ್ ಅಲ್ಲೇ. ಅದನ್ನು ತೆಗೆದ ಮಾತ್ರಕ್ಕೆ ಆಗುವುದಿಲ್ಲ, ಕೆಳಗೆ ಕರಿಕಟ್ಟಿದ ಸರ್ಕ್ಯೂಟ್ ಹಲಗೆಯನ್ನೂ ಕೆರೆದು ಸ್ವಚ್ಛ ಮಾಡಬೇಕು. ಇಂಗಾಲವೂ ಕರೆಂಟ್ ಹಾಯಿಸುತ್ತದೆ.

ಬೋರ್ಡ್ ಕಡೆ ನೋಡಬೇಕಾದ ಜಾಗಗಳು: ಹಿಂದಿನ ತಗಡಿನ ಪಟ್ಟಿಯಲ್ಲಿ ಚಿಕ್ಕ ಚಿಕ್ಕ ನಾಲಿಗೆಗಳಿರುತ್ತವೆ. ಬೋರ್ಡ್ ತಳ್ಳಿ ಕೂರಿಸುವಾಗ ಒಂದು ನಾಲಿಗೆ ಹೊರಗಿರುವ ಬದಲು ಯುಎಸ್‌ಬಿ ಪೋರ್ಟಿನ ಬಾಯೊಳಗೆ ಹೋಗಿ ಚಿನ್ನದ ಬಣ್ಣದ ಪಟ್ಟಿಗೆ ಒರಗಿ ನಿಂತಿರುತ್ತದೆ. ಹೊರಗಿನಿಂದ ನೋಡಿದರೆ ಕಾಣದು. ಪೋರ್ಟ್‌ಗೆ ನೇರ ಕಣ್ಣಿಟ್ಟು ನೋಡಬೇಕು. ಮುರಿದ ಯುಎಸ್‌ಬಿ ಪೋರ್ಟ್ ಒಳಗೆ ಪಿನ್‌ಗಳು ಒಂದಕ್ಕೊಂದು ಮಡಿಚಿಕೊಂಡಿರುವುದೂ ಇದೇ ಬಗೆಯದು. ಬೋರ್ಡಿನ ಕೆಳಗಿನ ಹಿತ್ತಾಳೆ ಸ್ಟ್ಯಾಂಡ್‌ಗಳನ್ನು ಎಣಿಸಿ. ಬೋರ್ಡಿಗೆ ಆರು ತೂತಿದ್ದು ಕ್ಯಾಬಿನೆಟ್‌ನಲ್ಲಿ ಏಳು ಸ್ಟ್ಯಾಂಡ್ ಇದ್ದರೆ ಏಳನೆಯದು ಬೋರ್ಡಿನ ಬೆನ್ನಿಗೆ ಚುಚ್ಚುತ್ತಿದೆ. ಕಳೆದುಹೋದ ಸ್ಕ್ರೂ ಎಲ್ಲಿ ಎಂದೂ ಹುಡುಕಿ.

ಉಬ್ಬಿದ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್ ಕಂಡ ತಕ್ಷಣ "ಸಿಕ್ಕಿತು" ಎನ್ನಬೇಡಿ. ಅವು ಸಾಮಾನ್ಯವಾಗಿ ಶಾರ್ಟ್ ಆಗುವುದಿಲ್ಲ, ಶಕ್ತಿ ಕಳೆದುಕೊಳ್ಳುತ್ತವೆ. ಬದಲಿಸಲೇಬೇಕು, ಆದರೆ ನೀವು ಹುಡುಕುತ್ತಿರುವ ಶಾರ್ಟ್ ಬೇರೆಡೆ ಇರಬಹುದು. ನಿಜಕ್ಕೂ ಶಾರ್ಟ್ ಆಗುವವು ಹಳದಿ ಅಥವಾ ಕಿತ್ತಳೆ ಬಣ್ಣದ ಟ್ಯಾಂಟಲಮ್ ಕೆಪಾಸಿಟರ್‌ಗಳು, ಕಂದು ಬಣ್ಣದ ಸಣ್ಣ ಸೆರಾಮಿಕ್ ಚಿಪ್‌ಗಳು.

## ಹಂತ 4: ಎಸ್‌ಎಂಪಿಎಸ್ ಒಂದನ್ನೇ ಅಳೆಯುವುದು

ಎಲ್ಲ ಪ್ಲಗ್ ಕಿತ್ತು ಎಸ್‌ಎಂಪಿಎಸ್ ಹೊರತೆಗೆಯಿರಿ. ಹಿಂದೆ 115/230 ಎಂಬ ಕೆಂಪು ಜಾರುಸ್ವಿಚ್ ಇದ್ದರೆ 230ರಲ್ಲಿದೆಯೇ ನೋಡಿ. 115ರಲ್ಲಿಟ್ಟು ನಮ್ಮ ಕರೆಂಟ್ ಕೊಟ್ಟರೆ ಒಳಗೆ 650 ವೋಲ್ಟ್ ಆಗಿ ಕೆಪಾಸಿಟರ್‌ಗಳು ಸಿಡಿಯುತ್ತವೆ.

ಮುಚ್ಚಳ ತೆರೆಯುವ ಮೊದಲು: ಪವರ್ ಕಾರ್ಡ್ ಹಾಕುವ ಮೂರು ಪಿನ್‌ಗಳಲ್ಲಿ, ಸ್ವಿಚ್ ಆನ್ ಇಟ್ಟು, ಫೇಸ್ ಮತ್ತು ನ್ಯೂಟ್ರಲ್ ನಡುವೆ ಓಮ್ ಅಳೆಯಿರಿ. ನೂರಾರು ಕಿಲೊ ಓಮ್ ಬಂದರೆ ನೇರ ಶಾರ್ಟ್ ಇಲ್ಲ. ಹತ್ತಿಪ್ಪತ್ತು ಓಮ್ ಒಳಗಿದ್ದರೆ ಶಾರ್ಟ್. ಏನೂ ತೋರದಿದ್ದರೆ "ಚೆನ್ನಾಗಿದೆ" ಎಂದಲ್ಲ, ಫ್ಯೂಸ್ ಹೋಗಿರಬಹುದು. ಈ ಎರಡೂ ಪಿನ್‌ಗಳಿಂದ ಅರ್ಥ್ ಪಿನ್‌ಗೆ ಯಾವ ಓದೂ ಬರಬಾರದು.

ತೆರೆದ ಮೇಲೆ: ಮೊದಲ ಕೆಲಸ ಡಿಸ್ಚಾರ್ಜ್. 10 ಕಿಲೊ ಓಮ್ ರೆಸಿಸ್ಟರನ್ನು ದೊಡ್ಡ ಕೆಪಾಸಿಟರಿನ ಎರಡು ಕಾಲುಗಳಿಗೆ ಕ್ಲಿಪ್ ಮಾಡಿ 30 ಸೆಕೆಂಡ್ ಬಿಡಿ. ಎರಡು ಕೆಪಾಸಿಟರ್ ಇದ್ದರೆ ಎರಡಕ್ಕೂ ಬೇರೆ ಬೇರೆಯಾಗಿ ಮಾಡಿ. ಆಮೇಲೆ ಡಿಸಿ ವೋಲ್ಟ್ ಅಳೆದು 5ಕ್ಕಿಂತ ಕಡಿಮೆ ಎಂದು ಖಚಿತವಾದ ಮೇಲೆಯೇ ಕೈಯಿಡಿ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವುದು ಕೆಪಾಸಿಟರ್‌ಗೂ ಕಣ್ಣಿಗೂ ಕೆಟ್ಟದ್ದು.

ಗಾಜಿನ ಫ್ಯೂಸ್ ಓದಲು ಕಲಿಯಿರಿ. ಒಳಗೆ ತಂತಿ ಮಾತ್ರ ತುಂಡಾಗಿ ಗಾಜು ತಿಳಿಯಾಗಿದ್ದರೆ ಓವರ್‌ಲೋಡ್ ಅಥವಾ ವಯಸ್ಸು. ಗಾಜು ಕಪ್ಪಾಗಿ ಬೆಳ್ಳಿಯಂತೆ ಚಿಮ್ಮಿದ್ದರೆ ನೇರ ಶಾರ್ಟ್. ಹೊಸ ಫ್ಯೂಸ್ ಹಾಕಿದರೆ ಅದೂ ಹೋಗುತ್ತದೆ. ಫ್ಯೂಸ್ ಜಾಗಕ್ಕೆ ತಂತಿ ಸುತ್ತುವುದನ್ನಂತೂ ಯಾವತ್ತೂ ಮಾಡಬೇಡಿ.

ಕಪ್ಪಾದ ಫ್ಯೂಸಿನ ಹಿಂದೆ ಈ ಕ್ರಮದಲ್ಲಿ ಹುಡುಕಿ: ಏರುವೋಲ್ಟೇಜ್ ತಡೆಯುವ ನೀಲಿ ಬಿಲ್ಲೆಯಂಥ ವೇರಿಸ್ಟರ್, ಆಮೇಲೆ ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್‌ನ ನಾಲ್ಕು ಡಯೋಡ್. ಡಯೋಡ್‌ಗಳಿಗೆ ಡಯೋಡ್ ಮೋಡ್‌ನಲ್ಲಿ ಒಂದು ದಿಕ್ಕಿಗೆ 0.45ರಿಂದ 0.7 ಬರಬೇಕು, 0.000 ಬಂದರೆ ಹೋಗಿದೆ. ಆಮೇಲೆ ಹೀಟ್‌ಸಿಂಕ್‌ಗೆ ಕಟ್ಟಿದ 13007 ಅಥವಾ 13009 ಟ್ರಾನ್ಸಿಸ್ಟರ್ ಜೋಡಿ. ಇವುಗಳ ಮೂರು ಕಾಲು ಬೇಸ್, ಕಲೆಕ್ಟರ್, ಎಮಿಟರ್. ಕಲೆಕ್ಟರ್ ಮತ್ತು ಎಮಿಟರ್ ನಡುವೆ ಬೀಪ್ ಬರಬಾರದು. ಬೇಸ್ ಮತ್ತು ಎಮಿಟರ್ ನಡುವೆ ಕಡಿಮೆ ಓಮ್ ಬಂದರೆ ಗಾಬರಿ ಬೇಡ, ಟ್ರಾನ್ಸ್‌ಫಾರ್ಮರ್ ಸುತ್ತು ಅಲ್ಲಿ ಅಡ್ಡ ಇದೆ. ಜೋಡಿಯಲ್ಲಿ ಒಂದು ಹೋಗಿದ್ದರೂ ಎರಡನ್ನೂ ಬದಲಿಸಿ.

ಔಟ್‌ಪುಟ್ ಕಡೆಯ ಮೂರು ಕಾಲಿನ ಡಯೋಡ್‌ಗಳಲ್ಲಿ ಎಡವುವವರು ಬಹಳ. ಎರಡು ಪಕ್ಕದ ಕಾಲುಗಳ ನಡುವೆ ಬೀಪ್, ಪಕ್ಕದ ಕಾಲಿನಿಂದ ಗ್ರೌಂಡಿಗೂ (ಕಪ್ಪು ವೈರ್‌ಗೂ) ಬೀಪ್. ಇದು ಟ್ರಾನ್ಸ್‌ಫಾರ್ಮರ್ ಸುತ್ತಿನ ಬೀಪ್, ತಪ್ಪಲ್ಲ. ನೋಡಬೇಕಾದ್ದು ನಡುವಿನ ಕಾಲು ಮತ್ತು ಗ್ರೌಂಡ್. ಅಲ್ಲಿ 1 ಓಮ್‌ಗಿಂತ ಕಡಿಮೆ ಬಂದರೆ ಮಾತ್ರ ಶಾರ್ಟ್. ಒಳಗಿನ ಲೋಡ್ ರೆಸಿಸ್ಟರ್‌ನಿಂದಾಗಿ 10 ಓಮ್‌ನಿಂದ ಕೆಲವು ನೂರು ಓಮ್ ತೋರುವುದು ಸಹಜ.

ಕರೆಂಟ್ ಕೊಟ್ಟು ನೋಡುವುದು: ಮುಚ್ಚಳ ಹಾಕಿ ಸೀರೀಸ್ ಬೋರ್ಡ್ ಮೂಲಕವೇ ಕೊಡಿ. ಬಲ್ಬ್ ಒಂದು ಕ್ಷಣ ಮಿಂಚಿ ಆರಿದರೆ ಒಳ್ಳೆಯದು. ಪೂರ್ತಿ ಉರಿಯುತ್ತಲೇ ಇದ್ದರೆ ಶಾರ್ಟ್ ಇನ್ನೂ ಇದೆ, ಕೂಡಲೇ ಕಿತ್ತುಬಿಡಿ. ಆರಿದ ಮೇಲೆ ನೇರಳೆ ವೈರ್‌ನಲ್ಲಿ 5 ವೋಲ್ಟ್ ಇದೆಯೇ ನೋಡಿ. ಬಲ್ಬ್ ಇಟ್ಟುಕೊಂಡೇ ಲೋಡ್ ಹಾಕಬೇಡಿ, ಎಸ್‌ಎಂಪಿಎಸ್ ಹತ್ತಿ ಆರಿ ಮಾಡುತ್ತದೆ, ಒಳ್ಳೆಯದನ್ನೂ ಕೆಟ್ಟದ್ದೆಂದು ತಿಳಿಯುತ್ತೀರಿ.

ಇಷ್ಟು ಸರಿಯಿದ್ದರೆ ನೇರ ಸಾಕೆಟ್‌ಗೆ ಬನ್ನಿ. ಕೆಂಪು ಮತ್ತು ಕಪ್ಪಿನ ನಡುವೆ 10 ಓಮ್ ರೆಸಿಸ್ಟರ್, ಹಳದಿ ಮತ್ತು ಕಪ್ಪಿನ ನಡುವೆ ಬ್ರೇಕ್ ಬಲ್ಬ್ ಹಾಕಿ, ಹಸಿರು ವೈರನ್ನು ಕಪ್ಪಿಗೆ ಸೇರಿಸಿ. ಲೋಡ್ ಇಲ್ಲದೆ ಹಳೆಯ ಎಸ್‌ಎಂಪಿಎಸ್‌ಗಳು ಸರಿಯಾದ ವೋಲ್ಟೇಜ್ ಕೊಡುವುದಿಲ್ಲ. ಕಿತ್ತಳೆಯಲ್ಲಿ 3.14ರಿಂದ 3.47, ಕೆಂಪಿನಲ್ಲಿ 4.75ರಿಂದ 5.25, ಹಳದಿಯಲ್ಲಿ 11.4ರಿಂದ 12.6 ಬರಬೇಕು.

ಒಮ್ಮೆ ರಕ್ಷಣೆಗೆ ಬಿದ್ದ ಎಸ್‌ಎಂಪಿಎಸ್ ಪ್ಲಗ್ ಕಿತ್ತು ಒಂದು ನಿಮಿಷ ಬಿಡುವವರೆಗೆ ಮತ್ತೆ ಏಳದು. ಶಾರ್ಟ್ ತೆಗೆದ ಮೇಲೂ "ಆನ್ ಆಗುತ್ತಿಲ್ಲ" ಎನ್ನುವ ಅರ್ಧ ದೂರುಗಳು ಈ ಒಂದು ನಿಮಿಷ ಕಾಯದ್ದರಿಂದ.

## ಹಂತ 5: ಮದರ್‌ಬೋರ್ಡಿನ ಲೈನ್‌ಗಳು

ಲೈನ್ ಎಂದರೆ ಬೋರ್ಡಿನಲ್ಲಿ ಒಂದೊಂದು ವೋಲ್ಟೇಜ್ ಹರಿಯುವ ದಾರಿ. ಬೋರ್ಡನ್ನು ಕ್ಯಾಬಿನೆಟ್‌ನಿಂದ ತೆಗೆದು ರಟ್ಟಿನ ಮೇಲಿಡಿ. ಬೆಳ್ಳಿ ಬಣ್ಣದ ಆಂಟಿಸ್ಟ್ಯಾಟಿಕ್ ಚೀಲದ ಮೇಲೆ ಬೇಡ, ಅದು ಕರೆಂಟ್ ಹಾಯಿಸಬಹುದು. ರ‍್ಯಾಮ್, ಕಾರ್ಡ್, ಪ್ರೊಸೆಸರ್, ಗುಂಡು ಬ್ಯಾಟರಿ ಎಲ್ಲ ತೆಗೆಯಿರಿ.

ಮೀಟರಿನ ಬೀಪ್ ನಂಬಬೇಡಿ. ಹಲವು ಮೀಟರ್‌ಗಳು 30-50 ಓಮ್‌ಗೂ ಕೂಗುತ್ತವೆ, ಅದು ಶಾರ್ಟ್ ಅಲ್ಲ. 200 ಓಮ್ ರೇಂಜ್‌ಗೆ ಇಟ್ಟು, ಎರಡು ಪ್ರೋಬ್ ಒಂದಕ್ಕೊಂದು ತಾಗಿಸಿ ಬರುವ 0.2-0.5 ಓಮನ್ನು ಪ್ರತಿ ಓದಿನಿಂದ ಕಳೆಯಿರಿ. ಪವರ್ ಕನೆಕ್ಟರ್‌ನ ಕಪ್ಪು ವೈರ್ ಬರುವ ಪಿನ್‌ನಿಂದ ಕಿತ್ತಳೆ, ಕೆಂಪು, ಹಳದಿ, ನೇರಳೆ ಪಿನ್‌ಗಳಿಗೆ ಒಂದೊಂದಾಗಿ ಅಳೆದು ಬರೆದಿಡಿ. ಪ್ರೋಬ್ ಅದಲುಬದಲು ಮಾಡಿ ಮತ್ತೊಮ್ಮೆ ಅಳೆಯಿರಿ. ಕೆಲವು ಹಳೆಯ ಬ್ರಾಂಡೆಡ್ ಯಂತ್ರಗಳಲ್ಲಿ ಕನೆಕ್ಟರ್ ಒಂದೇ ರೂಪದ್ದಿದ್ದರೂ ವೈರ್‌ಗಳ ಜಾಗ ಬೇರೆ ಇರುತ್ತದೆ. ಬಣ್ಣ ಹೊಂದದಿದ್ದರೆ ಬೇರೆ ಎಸ್‌ಎಂಪಿಎಸ್ ಸಿಕ್ಕಿಸಬೇಡಿ.

ಎರಡೂ ದಿಕ್ಕಿಗೆ 1-2 ಓಮ್ ಒಳಗೆ ಒಂದೇ ಓದು ಬಂದರೆ ಶಾರ್ಟ್. 2ರಿಂದ 20 ಓಮ್ ಅನುಮಾನ. ಅದೇ ಮಾದರಿಯ ಒಳ್ಳೆಯ ಬೋರ್ಡ್ ಸಿಕ್ಕರೆ ಹೋಲಿಸಿ. ಶಾಲೆ ಲ್ಯಾಬುಗಳಲ್ಲಿ ಒಂದೇ ಮಾದರಿಯ ಯಂತ್ರಗಳು ಸಾಲಾಗಿ ಇರುವುದು ಇಂಥ ಹೊತ್ತಿಗೆ ದೊಡ್ಡ ಅನುಕೂಲ. ದಿಕ್ಕು ಬದಲಿಸಿದಾಗ ಓದೂ ಬದಲಾಗಿ, ನೂರಾರು ಓಮ್ ಇದ್ದರೆ ಆ ಲೈನ್ ಆರೋಗ್ಯವಾಗಿದೆ.

ನೇರಳೆ ಲೈನ್ ಮಾತ್ರ ಶಾರ್ಟ್ ಇದ್ದು, ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯ ನಂತರ ಯಂತ್ರ ಕೆಟ್ಟಿದ್ದರೆ ಲ್ಯಾನ್ ಪೋರ್ಟಿನ ಪಕ್ಕದ ಚಿಪ್ ನೋಡಿ. ಸಿಡಿಲಿನ ಏರುವೋಲ್ಟೇಜ್ ಕೇಬಲ್ ಮೂಲಕ ಬಂದು ಮೊದಲು ತಾಗುವುದು ಅದಕ್ಕೇ.

## ಹಂತ 6: ನಾಲ್ಕು ಪಿನ್‌ನ 12 ವೋಲ್ಟ್ ಮತ್ತು ಮಾಸ್ಫೆಟ್

ಪ್ರೊಸೆಸರ್ ಪಕ್ಕದ ನಾಲ್ಕು ಪಿನ್ ಕನೆಕ್ಟರನ್ನು ಪ್ರತ್ಯೇಕವಾಗಿ ಅಳೆಯಬೇಕು. ಯಂತ್ರವನ್ನು ಕೊಲ್ಲುವ ಶಾರ್ಟ್ ಇಲ್ಲಿಯದು. ಸುರುಳಿ ಸುತ್ತಿದ ಕಾಯಿಲ್‌ಗಳ ಹತ್ತಿರ ಚಪ್ಪಟೆಯಾಗಿ ಬೆಸೆದಿರುವವು ಮಾಸ್ಫೆಟ್‌ಗಳು. ಮೇಲಿನದು 12 ವೋಲ್ಟನ್ನು ಕಾಯಿಲ್‌ಗೆ ಕೊಡುತ್ತದೆ, ಕೆಳಗಿನದು ಗ್ರೌಂಡ್‌ಗೆ ಸೇರಿಸುತ್ತದೆ.

ಪ್ರೊಸೆಸರ್ ತೆಗೆದ ಸ್ಥಿತಿಯಲ್ಲಿ ಹಳದಿ ಪಿನ್‌ನಿಂದ ಕಾಯಿಲ್‌ಗೆ ಅಳೆಯಿರಿ. ಸೊನ್ನೆಯ ಹತ್ತಿರ ಬಂದರೆ ಮೇಲಿನ ಮಾಸ್ಫೆಟ್ ಹೋಗಿದೆ. ಈ ಬೋರ್ಡಿಗೆ ಪ್ರೊಸೆಸರ್ ಹಾಕಿ ಆನ್ ಮಾಡಿದರೆ ಒಂದೂವರೆ ವೋಲ್ಟಿನ ಆಸುಪಾಸು ಸಾಕಾಗುವ ಪ್ರೊಸೆಸರ್‌ಗೆ ನೇರ 12 ವೋಲ್ಟ್ ತಲುಪಬಹುದು. ಕಾಯಿಲ್‌ನಿಂದ ಗ್ರೌಂಡ್‌ಗೆ ಸೊನ್ನೆ ಬಂದರೆ ಕೆಳಗಿನ ಮಾಸ್ಫೆಟ್ ಅಥವಾ ಒಂದು ಸೆರಾಮಿಕ್ ಕೆಪಾಸಿಟರ್.

ಪ್ರೊಸೆಸರ್ ಇದ್ದಾಗ ಕಾಯಿಲ್‌ನಿಂದ ಗ್ರೌಂಡ್‌ಗೆ ಕೆಲವೇ ಓಮ್ ಬರುವುದು ಸಹಜ. ಅದನ್ನು ಶಾರ್ಟ್ ಎಂದು ತಿಳಿದು ಒಳ್ಳೆಯ ಬೋರ್ಡ್‌ಗಳನ್ನು ಗುಜರಿಗೆ ಹಾಕಿದ್ದು ಬೇಕಾದಷ್ಟಿದೆ.

ಮಾಸ್ಫೆಟ್‌ಗಳು ಒಂದಕ್ಕೊಂದು ಸಮಾಂತರವಾಗಿರುವುದರಿಂದ ಒಂದು ಹೋದರೆ ಎಲ್ಲವೂ ಹೋದಂತೆ ತೋರುತ್ತವೆ. ಯಾವುದರ ಗೇಟ್ ಮತ್ತು ಸೋರ್ಸ್ ಎಂಬ ಕಾಲುಗಳ ನಡುವೆಯೂ ಬೀಪ್ ಬರುತ್ತದೆಯೋ ಅದನ್ನು ಮೊದಲು ಎಬ್ಬಿಸಿ ಹೊರಗೆ ಅಳೆಯಿರಿ.

## ಹಂತ 7: ಶಾರ್ಟ್ ಆದ ಬಿಡಿಭಾಗವನ್ನೇ ಹಿಡಿಯುವುದು

ಒಂದು ಲೈನ್‌ನಲ್ಲಿ ಐವತ್ತು ಕೆಪಾಸಿಟರ್ ಇರುತ್ತವೆ, ಒಂದೊಂದನ್ನೂ ಬಿಚ್ಚಲಾಗದು. ಬೆಂಚ್ ಸಪ್ಲೈಯನ್ನು 1 ವೋಲ್ಟ್, 1 ಆಂಪ್ ಮಿತಿಗೆ ಇಟ್ಟು ಪ್ಲಸ್ ಅನ್ನು ಶಾರ್ಟ್ ಆದ ಲೈನ್‌ಗೆ, ಮೈನಸ್ ಅನ್ನು ಗ್ರೌಂಡ್‌ಗೆ ಕೊಡಿ. ಪ್ರೊಸೆಸರ್ ಹೊರಗಿರಬೇಕು. ಎಕ್ಸ್‌ಎಲ್ 4015 ಮಾಡ್ಯೂಲ್ 1.25 ವೋಲ್ಟಿಗಿಂತ ಕೆಳಗಿಳಿಯದು, 3.3, 5, 12 ವೋಲ್ಟಿನ ಲೈನ್‌ಗೆ ಸಾಕು, ಕಾಯಿಲ್ ಕಡೆಗೆ ಬಳಸಬೇಡಿ.

ಈಗ ಮೀಟರ್ 200 ಮಿಲಿವೋಲ್ಟ್‌ಗೆ. ಕಪ್ಪು ಪ್ರೋಬ್ ಮೈನಸ್ ಕ್ಲಿಪ್ ಬಳಿ ಸ್ಥಿರವಾಗಿರಲಿ, ಕೆಂಪು ಪ್ರೋಬ್ ಲೈನ್ ಉದ್ದಕ್ಕೂ ನಡೆಯಲಿ. ಉದಾಹರಣೆಗೆ 5 ವೋಲ್ಟ್ ಲೈನ್: ಕನೆಕ್ಟರ್‌ನಲ್ಲಿ 42, ಕಾರ್ಡ್ ಸಿಕ್ಕಿಸುವ ಮೊದಲ ಪಿಸಿಐ ಸ್ಲಾಟ್ ಬಳಿ 31, ಮೂರನೆಯ ಸ್ಲಾಟ್ ಬಳಿ 19, ಅಲ್ಲಿಂದ ಮುಂದೆ ಎಷ್ಟು ದೂರ ಹೋದರೂ 19. ಕರೆಂಟ್ ಮೂರನೆಯ ಸ್ಲಾಟ್ ದಾಟಿ ಹೋಗುತ್ತಿಲ್ಲ, ಅದಕ್ಕೇ ಇಳಿತ ನಿಂತಿದೆ. ಶಾರ್ಟ್ ಅಲ್ಲೇ, ಬೆರಳಗಲದಲ್ಲಿ.

ಖಚಿತಪಡಿಸಲು ಆ ಜಾಗಕ್ಕೆ ಐಸೋಪ್ರೊಪೈಲ್ ಸವರಿ ಕರೆಂಟನ್ನು ನಿಧಾನಕ್ಕೆ 3 ಆಂಪ್‌ವರೆಗೆ ಏರಿಸಿ. ಶಾರ್ಟ್ ಆದ ಭಾಗದ ಮೇಲೆ ಮೊದಲು ಒಣಗುತ್ತದೆ. ಕಾದ ಸೋಲ್ಡರಿಂಗ್ ಐರನ್ ಪಕ್ಕದಲ್ಲಿರಬಾರದು. ಯಾವುದೂ ಬೆಚ್ಚಗಾಗದಿದ್ದರೆ ಶಾರ್ಟ್ ಬಿಡಿಭಾಗದಲ್ಲಿ ಇಲ್ಲದಿರಬಹುದು. ಬೆಸುಗೆಯ ಸೇತುವೆ ಅಥವಾ ಬಗ್ಗಿದ ಪಿನ್ ಹುಡುಕಿ.

ಟ್ಯಾಂಟಲಮ್ ಬದಲಿಸುವಾಗ ಎಚ್ಚರ: ಎಲೆಕ್ಟ್ರೊಲಿಟಿಕ್‌ನಲ್ಲಿ ಪಟ್ಟಿ ಇರುವ ಕಡೆ ಮೈನಸ್, ಟ್ಯಾಂಟಲಮ್‌ನಲ್ಲಿ ಪಟ್ಟಿ ಇರುವ ಕಡೆ ಪ್ಲಸ್. ತಿರುಗಿಸಿ ಹಾಕಿದರೆ ಬೆಂಕಿ ಹೊತ್ತಿಕೊಳ್ಳುತ್ತದೆ. 12 ವೋಲ್ಟ್ ಲೈನ್‌ನಲ್ಲಿ 16 ವೋಲ್ಟಿನದು ಇದ್ದರೆ 25 ವೋಲ್ಟಿನದು ಹಾಕಿ. ಊರಿನಲ್ಲಿ ಸಿಗದ ಮಾಸ್ಫೆಟ್, ಟ್ಯಾಂಟಲಮ್‌ಗೆ ಬೆಂಗಳೂರಿನ ಎಸ್‌ಪಿ ರೋಡ್ ನೋಡಬೇಕು. ಹಳೆಯ ಭಾಗದ ಮೇಲಿನ ನಂಬರನ್ನು ಫೋಟೋ ತೆಗೆದುಕೊಂಡೇ ಹೋಗಿ.

## ಹಂತ 8: ಹಾರ್ಡ್ ಡಿಸ್ಕ್

ಬೋರ್ಡ್ ಸರಿಯಿದ್ದು ಡಿಸ್ಕ್ ಸಿಕ್ಕಿಸಿದ ಕೂಡಲೇ ಎಸ್‌ಎಂಪಿಎಸ್ ನಿಂತರೆ ಡಿಸ್ಕ್ ಎಸೆಯಬೇಡಿ. ಅಂಗಡಿಯ ಹತ್ತು ವರ್ಷದ ಲೆಕ್ಕ ಅದರಲ್ಲೇ ಉಳಿದಿರಬಹುದು. ಪವರ್ ಕನೆಕ್ಟರ್ ಪಕ್ಕದಲ್ಲಿ ಎರಡು ಚೌಕ ಕರಿ ಡಯೋಡ್ ಇರುತ್ತವೆ, ಒಂದು 5 ವೋಲ್ಟಿಗೆ, ಒಂದು 12ಕ್ಕೆ. ಏರುವೋಲ್ಟೇಜ್ ಬಂದಾಗ ತಾವು ಶಾರ್ಟ್ ಆಗಿ ಡಿಸ್ಕ್ ಉಳಿಸುವುದೇ ಅವುಗಳ ಕೆಲಸ. ಎರಡೂ ದಿಕ್ಕಿಗೆ ಸೊನ್ನೆ ತೋರುವ ಡಯೋಡನ್ನು ತೆಗೆದು ಮತ್ತೆ ಅಳೆಯಿರಿ. ಶಾರ್ಟ್ ಹೋಗಿದ್ದರೆ, ಪರೀಕ್ಷಿಸಿದ ಒಳ್ಳೆಯ ಎಸ್‌ಎಂಪಿಎಸ್‌ಗೆ ಹಾಕಿ ಮೊದಲು ಡೇಟಾ ನಕಲು ಮಾಡಿಕೊಳ್ಳಿ. ರಕ್ಷಣೆ ಇಲ್ಲದ ಡಿಸ್ಕನ್ನು ದಿನದ ಬಳಕೆಗೆ ಇಡಬೇಡಿ. ಹಳೆಯ ದಪ್ಪ ನಾಲ್ಕು ಪಿನ್ ಪ್ಲಗ್‌ನಿಂದ ಡಿಸ್ಕಿನ ಚಪ್ಪಟೆ ಸಾಟಾ ಪ್ಲಗ್‌ಗೆ ಬದಲಿಸುವ ಅಗ್ಗದ ಅಚ್ಚು ಹೊಯ್ದ ಕೇಬಲ್‌ಗಳು ಒಳಗೇ ಶಾರ್ಟ್ ಆಗಿ ಉರಿಯುತ್ತವೆ, ಅವನ್ನೂ ಅನುಮಾನಿಸಿ.

## ಹಂತ 9: ಮತ್ತೆ ಜೋಡಿಸುವುದು

ಎಲ್ಲ ಲೈನ್ ಇನ್ನೊಮ್ಮೆ ಅಳೆದು ಹಳೆಯ ಓದಿನ ಪಕ್ಕ ಬರೆಯಿರಿ. ಬೋರ್ಡ್ ರಟ್ಟಿನ ಮೇಲೇ ಇರಲಿ. ಮೊದಲು ಎಸ್‌ಎಂಪಿಎಸ್ ಮತ್ತು ಪ್ರೊಸೆಸರ್ ಇಲ್ಲದ ಬೋರ್ಡ್: ಆನ್ ಮಾಡಿದಾಗ ಕಾಯಿಲ್‌ನಲ್ಲಿ 12 ವೋಲ್ಟ್ ಕಾಣಬಾರದು. ಆಮೇಲೆ ಪ್ರೊಸೆಸರ್ ಮತ್ತು ಅದರ ಫ್ಯಾನ್, ನಂತರ ಒಂದು ರ‍್ಯಾಮ್, ಡಿಸ್‌ಪ್ಲೇ, ಡಿಸ್ಕ್, ಕೊನೆಗೆ ಮುಂದಿನ ಯುಎಸ್‌ಬಿ ವೈರ್. ಪ್ರತಿ ಸಲ ಪ್ಲಗ್ ಕಿತ್ತು, ಒಂದೇ ಒಂದನ್ನು ಸೇರಿಸಿ.

ರಟ್ಟಿನ ಮೇಲೆ ನಡೆದು ಕ್ಯಾಬಿನೆಟ್‌ನೊಳಗೆ ನಿಂತರೆ ಶಾರ್ಟ್ ಬೋರ್ಡಿನಲ್ಲಿಲ್ಲ, ತಗಡಿನಲ್ಲಿದೆ. ಹಂತ 3ಕ್ಕೆ ಹಿಂತಿರುಗಿ. ನಡೆದರೆ ಮುಚ್ಚಳ ತೆಗೆದೇ ಎರಡು ಗಂಟೆ ಓಡಿಸಿ, ಪ್ಲಗ್ ಕಿತ್ತು, ಬದಲಿಸಿದ ಭಾಗದ ಪಕ್ಕಕ್ಕೆ ಬೆರಳು ಹಿಡಿದು ನೋಡಿ. ಮುಟ್ಟಲಾಗದಷ್ಟು ಬಿಸಿ ಇದ್ದರೆ ಮುಚ್ಚಳ ಹಾಕುವ ಹೊತ್ತು ಇನ್ನೂ ಬಂದಿಲ್ಲ.